ಕಣ್ಣಿಲ್ಲದ ಅರವತ್ತು ಸಿಪಾಯಿಗಳು

ಯಲ್ಲಾಪುರ

ಜರ್ಮನಿಯ ಫುಲ್ಡಾ ಎಂಬ ಊರಿನ ಆ ಸಭಾಂಗಣದ ಬಾಗಿಲು ಹಸಿರು ಬಣ್ಣದ್ದೆಂದು ನನ್ನ ನೋಟ್‌ಬುಕ್ಕಿನಲ್ಲಿದೆ. ದತ್ತಣ್ಣನ ಪ್ರಕಾರ ಅಲ್ಲಿ ಬಾಗಿಲೇ ಇರಲಿಲ್ಲ, ತಾನಾಗಿ ಸರಿಯುವ ಗಾಜಿತ್ತು. ನಾವಿಬ್ಬರೂ ಒಂದೇ ಪೆಟ್ಟಿಗೆಯ ಎರಡು ತುದಿ ಹಿಡಿದುಕೊಂಡು ಒಟ್ಟಿಗೇ ಒಳಗೆ ಹೋದವರು. ಆದ್ದರಿಂದ ಮುಂದೆ ಬರೆಯುವುದರಲ್ಲಿ ಬಾಗಿಲುಗಳನ್ನು ಯಾರೂ ನಂಬಬೇಕಾಗಿಲ್ಲ. ಸಿಪಾಯಿಗಳನ್ನು ನಂಬಬಹುದು. ಅವರನ್ನು ಎಣಿಸಿ ಪೆಟ್ಟಿಗೆಗೆ ತುಂಬಿದವಳು ನಾನೇ.

ಸಿಪಾಯಿಗಳೆಂದರೆ ತವರದವರು, ಕಿರುಬೆರಳಿನ ಅರ್ಧದಷ್ಟು ಎತ್ತರ. ಮೇಜಿನ ಮೇಲೆ ಆಡುವ ಯುದ್ಧದಾಟವೊಂದಕ್ಕೆ ಬೇಕಾದವರು. ಇಬ್ಬರು ಎದುರುಬದುರು ಕೂತು, ತಾವೇ ಬಣ್ಣ ಬಳಿದ ಪುಟ್ಟ ಸೈನ್ಯಗಳನ್ನು ಅಳತೆಪಟ್ಟಿ ಹಿಡಿದು ಇಂಚಿಂಚೇ ಮುಂದೆ ಸರಿಸುತ್ತಾರೆ. ಯಾರು ಸತ್ತರು, ಯಾರು ಉಳಿದರು ಎಂಬುದನ್ನು ದಾಳ ಹೇಳುತ್ತದೆ. ಈ ಆಟವನ್ನು ಮಾರುವವಳು ಫುಲ್ಡಾದ ಉಲ್ರಿಕೆ. ಅದರ ಸಿಪಾಯಿಗಳು ಹುಟ್ಟುವುದು ಯಲ್ಲಾಪುರದಲ್ಲಿ, ಒಂದು ಕಾಲಕ್ಕೆ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದ ಮುನೀರನ ಶೆಡ್ಡಿನಲ್ಲಿ. ಕೆಲವು ವರ್ಷಗಳ ಹಿಂದೆ ಸುತ್ತಾಡಲು ಬಂದಿದ್ದ ಉಲ್ರಿಕೆ ಈ ಏರ್ಪಾಡು ಮಾಡಿಕೊಂಡು ಹೋದಳು. ಅಚ್ಚುಗಳು ಅಲ್ಲಿಂದ ಬರುತ್ತಿದ್ದವು. ಮುನೀರ ಮತ್ತು ನಾಲ್ವರು ಹೆಂಗಸರು ತವರ ಕರಗಿಸಿ ಹೊಯ್ದು, ಅಂಚು ಉಜ್ಜಿ ಕಳಿಸುತ್ತಿದ್ದರು. ಸಿದ್ದಾಪುರದ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನಾನು ಅವರ ಪರವಾಗಿ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದೆ.

ಕಳೆದ ವರ್ಷ ಮಾರಾಟ ಕುಸಿಯಿತು. ಹಳೆಯ ಆಟಗಾರರ ಕಪಾಟು ತುಂಬಿದೆ, ಅವರು ಹೊಸದಾಗಿ ಕೊಳ್ಳುವುದಿಲ್ಲ. ಹೊಸಬರಿಗೆ ಇಷ್ಟು ಸಣ್ಣ ಗೊಂಬೆಗೆ ಬಣ್ಣ ಹಚ್ಚುವ ತಾಳ್ಮೆಯಿಲ್ಲ ಎಂದು ಉಲ್ರಿಕೆ ಬರೆದಳು. ಇಪ್ಪತ್ತೆಂಟು ಮಿಲಿಮೀಟರಿನ ಸಿಪಾಯಿ ಇನ್ನು ಮೂವತ್ತೆರಡು ಆಗಬೇಕು. ಅಚ್ಚು ತೆಗೆಯಲು ಹೊಸ ಅಳತೆಯ ಮೂಲ ಗೊಂಬೆಯನ್ನು ಮರದಲ್ಲಿ ಕೆತ್ತುವುದಕ್ಕೆ ಶಿರಸಿಯ ದತ್ತಣ್ಣನೇ ಆಗಬೇಕು. ದತ್ತಣ್ಣ ಗುಡಿಗಾರರವನು, ಹೆಬ್ಬೆರಳಿನಷ್ಟು ಗಣಪತಿಯ ಸೊಂಡಿಲಲ್ಲಿ ಮೋದಕ ಎಣಿಸುವ ಹಾಗೆ ಕೆತ್ತುವವನು.

ಮುನೀರನಿಗೆ ಈ ಬದಲಾವಣೆ ಹಿಡಿಸಲಿಲ್ಲ. ಅವನದು ಲಾರಿ ಮನೆತನ, ಅರಬೈಲು ಘಾಟಿಯ ಒಂದೊಂದು ತಿರುವನ್ನೂ ಬಲ್ಲ. "ಲಾರಿ ದೊಡ್ಡದು ಮಾಡೂದು ಸಸಾರ ಐತ್ರಿ ಅಕ್ಕಾ," ಎಂದ. "ಘಾಟಿನ ತಿರುವು ಹಂಗೇ ಇರ್ತದಲ್ರಿ. ಸಿಪಾಯಿ ಬೆಳದ್ರ ಅವ್ರ ಟೇಬಲ್ ಬೆಳೀತದೇನು?"

ಆದರೂ ಮುನೀರ ದತ್ತಣ್ಣನ ಗೊಂಬೆಯಿಂದ ಅಚ್ಚು ತೆಗೆದು ಅರವತ್ತು ಜನರನ್ನು ಹೊಯ್ದ. ಸೆಪ್ಟೆಂಬರಿನಲ್ಲಿ ಫುಲ್ಡಾದಲ್ಲಿ ನಡೆಯುವ ಮೇಳದಲ್ಲಿ ಅವರನ್ನು ಆಟಗಾರರ ಮುಂದಿಡುವುದೆಂದು ನಿಶ್ಚಯವಾಯಿತು. ಅವರು ಒಪ್ಪದಿದ್ದರೆ ಉಲ್ರಿಕೆ ಸಿಪಾಯಿ ಮಾರುವುದನ್ನೇ ನಿಲ್ಲಿಸುತ್ತಾಳೆ. ಹೊರಡುವ ದಿನ ಮುನೀರ ನಮ್ಮನ್ನು ಬಸ್ಸಿಗೆ ಹತ್ತಿಸಿ ಕಿಟಕಿಯ ಹೊರಗೆ ನಿಂತ. "ಅವ್ರು ಒಲ್ಲೆ ಅಂದ್ರ ನಾ ಅಣ್ಣನ ಲಾರಿ ಹತ್ತತೇನಿ, ನನಗೇನೂ ಚಿಂತಿ ಇಲ್ಲ. ಶೆಡ್ಡಿನ ನಾಲ್ಕ್ ಮಂದಿ ಅಕ್ಕಂದಿರು ಎಲ್ಲಿ ಹತ್ತಬೇಕ್ರಿ?"

ಬಸ್ಸು ಹೊರಟಿತು.

ಫ್ರಾಂಕ್‌ಫರ್ಟ್

ದತ್ತಣ್ಣ ಸಿಪಾಯಿಗಳನ್ನು ಭತ್ತದ ಹುಲ್ಲಿನಲ್ಲಿ ಕಟ್ಟಿದ್ದ. ಅವನ ಅಪ್ಪ ಮುಂಬಯಿಗೆ ಮೂರ್ತಿ ಕಳಿಸುತ್ತಿದ್ದದ್ದೂ ಹುಲ್ಲಿನಲ್ಲೇ. ಒಂದು ಕಿವಿಯೂ ಮುರಿದದ್ದಿಲ್ಲವಂತೆ. ವಿಮಾನ ನಿಲ್ದಾಣದ ಸುಂಕದ ಅಧಿಕಾರಿಣಿ ಪೆಟ್ಟಿಗೆ ತೆರೆದು, ಒಂದು ಎಳೆ ಹುಲ್ಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಮನೆಯಲ್ಲಿ ಹಾಲಿನಲ್ಲಿ ಸಿಕ್ಕ ಕೂದಲನ್ನು ಹೀಗೆ ಹಿಡಿಯುತ್ತಾರೆ.

ಹುಲ್ಲು ದೇಶದೊಳಗೆ ಬರುವಂತಿಲ್ಲ. ಸಿಪಾಯಿಗಳು ಬರಬಹುದು. ಹುಲ್ಲನ್ನೆಲ್ಲ ಬೇರ್ಪಡಿಸಿ ಚೀಲಕ್ಕೆ ತುಂಬುವಷ್ಟರಲ್ಲಿ ಅರವತ್ತು ಜನ ಸ್ಟೀಲಿನ ಮೇಜಿನ ಮೇಲೆ ಬೆತ್ತಲೆ ಮಲಗಿದ್ದರು. ದಂಡವೋ ಜೈಲೋ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಅವಳು ಒಳಗೆ ಹೋಗಿ ಶೌಚಾಲಯದ ಕಾಗದದ ನಾಲ್ಕು ಸುರುಳಿ ತಂದಳು. ಒಬ್ಬೊಬ್ಬರನ್ನೇ ಸುತ್ತತೊಡಗಿದಳು. ನಮ್ಮ ಹಿಂದೆ ಸರದಿ ಬೆಳೆಯಿತು. ಯಾರೂ ಗೊಣಗಲಿಲ್ಲ, ಒಬ್ಬ ಮುದುಕ ಬಂದು ಸುತ್ತಲು ಕೈ ಕೂಡಿಸಿದ.

"ಬಾಣಂತಿ ಕೋಣೆ ಆಗೋಯ್ತಲ್ಲ ತಂಗಿ," ಎಂದ ದತ್ತಣ್ಣ. "ಅರವತ್ತು ಹಡೆದ್ರೂ ಈ ತಾಯಿಗೆ ಬೇಜಾರಿಲ್ಲೆ ನೋಡು."

ಕೊನೆಯವನನ್ನು ಸುತ್ತುವಾಗ ಅವಳು ಅವನ ಮುಖವನ್ನು ಬೆಳಕಿಗೆ ಹಿಡಿದು, ಇವರಿಗೆ ಕಣ್ಣಿಲ್ಲವಲ್ಲ ಎಂದಳು. ತಮಾಷೆಯೆಂದು ನಾನು ನಕ್ಕೆ. ಅರವತ್ತನ್ನೂ ಎಣಿಸಿದ್ದೆ, ಒಂದರ ಮುಖವನ್ನೂ ನೋಡಿರಲಿಲ್ಲ.

ಫುಲ್ಡಾಕ್ಕೆ ಹೋಗುವ ರೈಲಿನಲ್ಲಿ ನಾವು ಕೂತದ್ದು ಮಾತನಾಡಬಾರದ ಡಬ್ಬಿಯಲ್ಲಿ. ಅಂಥದ್ದೊಂದು ಇರುತ್ತದೆಂದು ನಮಗೇನು ಗೊತ್ತು? ದತ್ತಣ್ಣ ಹುಬ್ಬಳ್ಳಿ ಬಸ್ಸಿನ ದನಿಯಲ್ಲಿ ಹುಲ್ಲಿನ ಶೋಕ ಮಾಡುತ್ತಿದ್ದ. ಎದುರಿನ ಹೆಂಗಸು ಗೋಡೆಯ ಮೇಲಿನ ಚಿತ್ರ ತೋರಿಸಿದಳು: ತುಟಿಯ ಮೇಲೆ ಬೆರಳು. ದತ್ತಣ್ಣ ಗಪ್ಪಾದ. ಅವನ ಮೌನ ಎಷ್ಟು ದೊಡ್ಡದಿತ್ತೆಂದರೆ ಅವಳಿಗೇ ತಡೆಯಲಾಗಲಿಲ್ಲ. ಸೇಬು ಹೆಚ್ಚಿ ಮೊದಲ ಹೋಳನ್ನು ಅವನಿಗೆ ಕೊಟ್ಟಳು. ಧನ್ಯವಾದವನ್ನೂ ಬಾಯಿಬಿಟ್ಟು ಹೇಳುವಂತಿರಲಿಲ್ಲವಾದ್ದರಿಂದ ಅವನು ಕೈಮುಗಿದ. ಅವಳೂ ಚಾಕು ಹಿಡಿದ ಕೈಯಲ್ಲೇ ಮುಗಿದಳು.

ಫುಲ್ಡಾ, ಶುಕ್ರವಾರ ಮಧ್ಯಾಹ್ನ

ಉಲ್ರಿಕೆ ಐವತ್ತು ದಾಟಿದ, ನಡೆಯುವಾಗ ಓಡುವಂತೆ ಕಾಣುವ ಹೆಂಗಸು. ಕಾಫಿ ಕೊಟ್ಟು, ಕಾಗದ ಬಿಚ್ಚಿ, ಒಬ್ಬ ಸಿಪಾಯಿಯನ್ನು ನಿಲ್ಲಿಸಿ ವರ್ನಿಯರ್ ಅಳತೆಗೋಲು ತಂದಳು. ಅಳೆದಳು. ಮತ್ತೆ ಅಳೆದಳು. ಕನ್ನಡಕ ಏರಿಸಿಕೊಂಡಳು.

"ಇವನ ಕಣ್ಣು ಎಲ್ಲಿ?"

ಈ ಆಟದ ಲೋಕದಲ್ಲಿ ಸಿಪಾಯಿಯ ಎತ್ತರವನ್ನು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರಂತೆ. ಕಣ್ಣಿನ ಮೇಲೆ ಟೋಪಿ, ಶಿರಸ್ತ್ರಾಣ, ಗರಿ ಏನೇನೋ ಬರುವುದರಿಂದ ಅದನ್ನು ನಂಬುವುದಿಲ್ಲ. ಅವಳು ಅಳತೆ ಬರೆದಿದ್ದಳು. ಎಲ್ಲಿಂದ ಎಲ್ಲಿಗೆಂದು ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ. ದತ್ತಣ್ಣನ ಮನೆಯಲ್ಲಿ ತಲೆಮಾರುಗಳಿಂದ ಅಳೆಯುವುದು ಅಂಗಾಲಿನಿಂದ ಹಣೆಯ ಮೇಲೆ ಕೂದಲು ಶುರುವಾಗುವ ಗೆರೆಯವರೆಗೆ. ಕಿರೀಟ ಬೇರೆ, ದೇಹ ಬೇರೆ. ಅವನು ಅಲ್ಲಿಗೆ ಸರಿಯಾಗಿ ಮೂವತ್ತೆರಡು ಇಟ್ಟಿದ್ದ. ಹಾಗಾಗಿ ಕಣ್ಣಿನ ಮಟ್ಟ ಒಂದು ಮಿಲಿಮೀಟರಿನಷ್ಟು ಕೆಳಗೆ ಬಂದಿತ್ತು.

ಅದು ಒಂದು ತಪ್ಪು. ಇನ್ನೊಂದು, ಕಣ್ಣೇ ಇರಲಿಲ್ಲ. ನಾನು ಕಳಿಸಿದ ಫೋಟೋಗಳಲ್ಲಿ ಟೋಪಿಯ ನೆರಳು ಮುಖದ ಮೇಲೆ ಬಿದ್ದಿತ್ತು. ಹುಬ್ಬಿನ ಕೆಳಗೆ ನುಣುಪಾದ ಎರಡು ತಗ್ಗು, ಅಷ್ಟೆ.

"ದತ್ತಣ್ಣ, ಎಂತಕ್ಕೆ ಹಿಂಗ್ ಮಾಡಿದ್ರಿ?"

"ಎಂತ ಮಾಡಿದೆ? ಕಣ್ಣು ಕೆತ್ತೂದು ಕಡೇಲಿ ಅಲ್ದಾ? ಮೂರ್ತಿ ಎಲ್ಲಿ ಕೂರ್ತದೋ ಅಲ್ಲಿ ಹೋಗಿ ತೆಗೀಬೇಕು. ಶೆಡ್ಡಲ್ಲೇ ಕಣ್ಣು ಬಿಡ್ಸಿ ಪೆಟ್ಗೇಲಿ ಹಾಕಿದ್ರೆ ಇವು ನೋಡೂದೆಂತ? ಹುಲ್ಲ?"

ದೇವರ ಮೂರ್ತಿಗೆ ಸರಿ, ಇವರು ಆಟದ ಸಿಪಾಯಿಗಳಲ್ಲವೇ ಎಂದು ಉಲ್ರಿಕೆ ನನ್ನ ಮೂಲಕ ಕೇಳಿದಳು. ದತ್ತಣ್ಣ ಕಾಫಿಯ ಕೊನೆಯ ಗುಟುಕು ಕುಡಿದ. "ದೇವ್ರಾದ್ರೆ ತಪ್ಪಾದ್ರೂ ಕ್ಷಮಿಸ್ತ. ಸಿಪಾಯಿ ಕಣ್ಣು ಬಿಟ್ಟ ಕೂಡ್ಲೆ ಗುರಿ ಇಡ್ತ. ಇವ್ರ ಹತ್ರವೇ ಜಾಸ್ತಿ ಹುಷಾರಿರ್ಬೇಕು."

ಅವಳು ನಕ್ಕಳು. ಆಮೇಲೆ ಬಹಳ ಹೊತ್ತು ನಗಲಿಲ್ಲ. ಕಣ್ಣು ಹೇಗೂ ಕೆತ್ತಬೇಕಲ್ಲ, ಸ್ವಲ್ಪ ಮೇಲೆ ಕೆತ್ತಿದರೆ ಅಳತೆ ಸರಿಹೋಗುವುದಿಲ್ಲವೇ ಎಂದಳು. ನಾನು ಅದನ್ನೂ ಅನುವಾದಿಸಿದೆ.

"ಹಣೆ ಮೇಲೆ ಕಣ್ಣು ಇಡೂಕೆ ಇವ ಎಂತ ಶಿವನಾ, ತಂಗಿ?"

ಇದನ್ನು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಅವಳ ಸಿಟ್ಟು ಹೋಗಿತ್ತೋ, ದಣಿವಾಗಿತ್ತೋ. ನನ್ನ ಟಿಪ್ಪಣಿಯಲ್ಲಿ "ಉ. ಒಪ್ಪಿದಳು" ಎಂದಿದೆ. ಯಾವುದಕ್ಕೆ ಒಪ್ಪಿದಳೆಂದು ಬರೆದುಕೊಂಡಿಲ್ಲ.

ಶನಿವಾರ, ಸಭಾಂಗಣ

ಶಿರಸಿಯಲ್ಲಿ ಮದುವೆ ಮಂಟಪಕ್ಕೆ ಹೋದ ಹಾಗೆಯೇ ಇತ್ತು: ಸಾಲುಮೇಜು, ಗಲಾಟೆ, ಸೌತೆಕಾಯಿಯ ವಾಸನೆ. ಮೇಜುಗಳ ಮೇಲೆ ಮಾತ್ರ ಊಟದ ಬದಲು ಗುಡ್ಡ, ನದಿ, ಸುಟ್ಟ ಹಳ್ಳಿ. ಗಡ್ಡ ನೆರೆತವರು ಬಗ್ಗಿ, ಒಂದು ಕಣ್ಣು ಮುಚ್ಚಿ, ತಮ್ಮ ಸಿಪಾಯಿಗೆ ಶತ್ರು ಕಾಣುತ್ತಾನೋ ಇಲ್ಲವೋ ನೋಡುತ್ತಿದ್ದರು. ಎದುರಾಳಿಯ ಸೈನ್ಯವನ್ನು ಕೇಳದೆ ಮುಟ್ಟುವಂತಿಲ್ಲ. ಒಬ್ಬ ನನ್ನನ್ನು ಕೇಳಿ ನಮ್ಮ ಸಿಪಾಯಿಯನ್ನು ಎತ್ತಿಕೊಂಡ. ಬೇರೆಯವರ ಮಗುವನ್ನು ಎತ್ತಿಕೊಳ್ಳುವಾಗ ನಾವು ಇಷ್ಟು ಕೇಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೋರ್ಸ್ಟ್ ಬಂದ. ಹಳೆಯ ಆಟಗಾರರ ಸಂಘದ ಹಿರಿಯ, ಎತ್ತರದ ಆಳು. ಅವನ ಮಾತಿಗಾಗಿ ಉಳಿದವರು ಕಾಯುತ್ತಾರೆ ಎಂದು ಉಲ್ರಿಕೆ ಮೊದಲೇ ಹೇಳಿದ್ದಳು. ಜೇಬಿನಿಂದ ತನ್ನ ಇಪ್ಪತ್ತೆಂಟರ ಒಬ್ಬನನ್ನು ತೆಗೆದು ನಮ್ಮವನ ಪಕ್ಕದಲ್ಲಿಟ್ಟ. ಹೋರ್ಸ್ಟ್‌ನ ಸಿಪಾಯಿಯದು ದಪ್ಪ ತಲೆ, ದಪ್ಪ ಕೈ, ಗಿಡ್ಡ ಕಾಲು. ಸಣ್ಣ ಗೊಂಬೆಯ ಮುಖ ದೂರಕ್ಕೂ ಕಾಣಲಿ ಎಂದು ಹಾಗೆ ಮಾಡುತ್ತಾರಂತೆ. ನಮ್ಮವನು ನೀಳ, ಅಂಗ ಅಂಗವೂ ಲೆಕ್ಕಬದ್ಧ.

"ಇಂಥವರು ನನ್ನ ಬಳಿ ನಾನೂರು ಜನ ಇದ್ದಾರೆ," ಎಂದ ಹೋರ್ಸ್ಟ್. "ನಲವತ್ತು ವರ್ಷದ ಕೆಲಸ. ನಿಮ್ಮವನು ಬಂದು ನಿಂತರೆ ಇವರೆಲ್ಲ ಒಂದೇ ದಿನದಲ್ಲಿ ಕುಳ್ಳರಾಗುತ್ತಾರೆ."

ದತ್ತಣ್ಣ ಹೋರ್ಸ್ಟ್‌ನ ಸಿಪಾಯಿಯನ್ನು ನೋಡಿ, "ತಲೆ ಭಾರಿ ದೊಡ್ಡ ಇದ್ದು. ಒಳಗೆ ಎಂತ ಇದ್ದೊ," ಎಂದ.

ಏನಂದರು ಎಂದು ಹೋರ್ಸ್ಟ್ ಕೇಳಿದ. ತಲೆ ದೊಡ್ಡದಿದೆ ಅಂದರು ಎಂದಷ್ಟೇ ಹೇಳಿದೆ.

"ನಮ್ಮವರ ಬಗ್ಗೆ ಹಾಗೆ ಹೇಳಿದವರಲ್ಲಿ ಇವರೇ ಮೊದಲಿಗರಲ್ಲ," ಎಂದು ನಗದೆ ತನ್ನ ಸಿಪಾಯಿಯನ್ನು ಜೇಬಿಗೆ ಹಾಕಿಕೊಂಡು ನಡೆದ. ಅವನ ಸಂಘದವರೂ ನಡೆದರು.

ಆ ದಿನ ಕೊಂಡವರು ಬಹುತೇಕ ಹೊಸಬರು. ಒಂದು ಎಳೆಯ ಜೋಡಿ ಹನ್ನೆರಡು ಜನರನ್ನು ಕಣ್ಣಿಲ್ಲದೆಯೇ ಒಯ್ದಿತು. ಮನೆಯ ಮೇಜು ಚಿಕ್ಕದು, ಅಷ್ಟು ಸಾಕು ಎಂದರು. ಮುನೀರನ ಘಾಟಿಯ ಮಾತಿಗೆ ಅಲ್ಲಿ ಅರ್ಥ ಬಂತು. ಸಿಪಾಯಿ ಬೆಳೆದರೆ ಅವನ ಕಾಲಡಿಯ ತಟ್ಟೆ ಬೆಳೆಯುತ್ತದೆ. ಇಪ್ಪತ್ತು ಜನ ನಿಲ್ಲುತ್ತಿದ್ದ ಸೇತುವೆಯ ಮೇಲೆ ಹದಿನೈದೇ ಜನ ಹಿಡಿಯುತ್ತಾರೆ. ಆಗ ಜನ ಕಡಿಮೆ ಕೊಳ್ಳುತ್ತಾರೆ. ಆದರೆ ಹನ್ನೆರಡು ಜನರಿಗೆ ಹೆಸರಿಡಬಹುದು. ನಾನೂರು ಜನರದು ಯುದ್ಧವಾದರೆ ಹನ್ನೆರಡು ಜನರದು ಜಗಳ, ಮತ್ತು ಹೊಸಬರಿಗೆ ಬೇಕಾದದ್ದು ಜಗಳ. ಹಳಬರಿಗೆ ಬೇಕಾದದ್ದು ಅದಲ್ಲ.

ಸಂಜೆ ಉಲ್ರಿಕೆ ಬಂದ ದುಡ್ಡನ್ನು ಎಣಿಸಲಿಲ್ಲ. ಎಣಿಸುವಷ್ಟೇನೂ ಆಗಿರಲಿಲ್ಲ.

ಭಾನುವಾರ

ದತ್ತಣ್ಣ ಬೆಳಿಗ್ಗೆ ಸ್ನಾನ ಮಾಡಿ, ಮಳಿಗೆಯ ಮೇಜಿನ ಮೇಲೆ ತನ್ನ ಶಾಲು ಹಾಸಿ, ಸೂಜಿಯಂಥ ಉಳಿ ತೆಗೆದು ಕಣ್ಣು ಕೆತ್ತಲು ಕೂತ. ಸ್ಥಳಕ್ಕೆ ಬಂದಾಯಿತಲ್ಲ; ಶನಿವಾರದ ಗದ್ದಲದಲ್ಲಿ ಕೂರಲು ಆಗಿರಲಿಲ್ಲ. ಮೆತ್ತಗಿನ ತವರದಲ್ಲಿ ಒಂದು ಕಣ್ಣಿಗೆ ಎರಡು ಗೀರು. ಕೆತ್ತುವಾಗ ಗೊಂಬೆಯ ಮುಖ ಯಾರ ಕಡೆಗೂ ಇರಬಾರದು. ಎದುರು ನಿಂತವರನ್ನು ಅವನು ಕೈಸನ್ನೆಯಲ್ಲೇ ಬದಿಗೆ ಸರಿಸುತ್ತಿದ್ದ. ಜರ್ಮನರು ಸರಿದರು. ಯಾಕೆಂದು ಕೇಳಿದವರಿಗೆ ನಾನು ಗುರಿ ಇಡುವ ಮಾತನ್ನು ಹೇಳಿದೆ. ಆಮೇಲೆ ಅವರೇ ಹೊಸದಾಗಿ ಬಂದವರನ್ನು ಸರಿಸತೊಡಗಿದರು.

ಹೋರ್ಸ್ಟ್ ದೂರದಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ಕಾರಿಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದ. ಅದರ ತುಂಬ ಹಳೆಯ ಅಳತೆಯ ಸಿಪಾಯಿಗಳು, ಒಬ್ಬರಿಗೂ ಬಣ್ಣವಿಲ್ಲ.

"ಆರು ವರ್ಷದಿಂದ ಹೀಗೇ ಇದ್ದಾರೆ," ಎಂದ. ಹೇಳಿದ್ದು ನನಗಲ್ಲ, ದತ್ತಣ್ಣನಿಗೆ. ನಾನು ನಡುವಿನ ಕೊಳವೆ. "ಸಮವಸ್ತ್ರಕ್ಕೆ ಹಚ್ಚಬಲ್ಲೆ. ಕಣ್ಣಿಗೆ ಆಗುವುದಿಲ್ಲ. ನನಗೆ ಕಾಣುವುದಿಲ್ಲ. ಸಂಘದಲ್ಲಿ ಯಾರಿಗೂ ಹೇಳಿಲ್ಲ."

ದತ್ತಣ್ಣ ತನ್ನ ದಪ್ಪ ಕನ್ನಡಕ ತೆಗೆದು ಅವನ ಮೂಗಿಗೆ ಏರಿಸಿದ. ಹೋರ್ಸ್ಟ್ ತನ್ನದನ್ನು ತೆಗೆದು ಕೊಟ್ಟ. ಇಬ್ಬರೂ ಸುತ್ತ ನೋಡಿ ಒಟ್ಟಿಗೇ ಬೇಡವೆಂದು ತಲೆಯಾಡಿಸಿದರು.

"ನಂಗೂ ಕಾಣೂದಿಲ್ಲ ಅಂತ ಹೇಳು ಅವಂಗೆ," ಎಂದ ದತ್ತಣ್ಣ. "ಬೆರಳಲ್ಲಿ ನೋಡ್ತೆ." ಈಗಷ್ಟೇ ಕೆತ್ತಿದ ಒಬ್ಬನ ಮುಖದ ಮೇಲೆ ಹೋರ್ಸ್ಟ್‌ನ ಹೆಬ್ಬೆರಳಿನ ತುದಿ ಹಿಡಿದು ಒತ್ತಿಸಿದ.

ಪಕ್ಕದ ಮಳಿಗೆಯಿಂದ ಕುಂಚವೂ ಕಪ್ಪು ಬಣ್ಣವೂ ಬಂದವು. ಹೋರ್ಸ್ಟ್ ಆ ಹೊಸಬನನ್ನೇ ಹಿಡಿದು ಕೂತ. ಉಳಿಯ ಗೀರಿಗೆ ತಾಗಿದ ಕೂಡಲೇ ಬಣ್ಣ ತಾನಾಗಿ ಗೆರೆಯೊಳಗೆ ಇಳಿಯಿತು. ಒಂದು ಕಣ್ಣು. ಇನ್ನೊಂದು. ಅವನು ಕುಂಚ ಕೆಳಗಿಟ್ಟು ಏನನ್ನೋ ಹೇಳಿದ. ಇಂಗ್ಲಿಷಿನಲ್ಲಿರಲಿಲ್ಲ, ಉಲ್ರಿಕೆ ನನಗೆ ಅನುವಾದಿಸಲಿಲ್ಲ.

ಆಮೇಲೆ ಅವನು ತನ್ನ ಸಂಘದ ಮೇಜಿಗೆ ಹೋಗಿ, ನಮ್ಮ ಹೊಸಬರನ್ನು ತನ್ನ ಬದಿಗೂ ಹಳಬರನ್ನು ಎದುರು ತುದಿಗೂ ನಿಲ್ಲಿಸಿದ. ಅವನ ಕುರ್ಚಿಯಿಂದ ನೋಡಿದರೆ ಹತ್ತಿರದವರು ದೊಡ್ಡವರು, ದೂರದವರು ಚಿಕ್ಕವರು. ಬಯಲಿನಲ್ಲಿ ಕಾಣುವುದೂ ಹಾಗೆಯೇ. ಎದುರು ಕೂತವನು ತಕರಾರು ತೆಗೆದ: ತನ್ನ ಕಡೆಯಿಂದ ಎಲ್ಲ ತಿರುವುಮುರುವಾಗಿ ಕಾಣುತ್ತದೆ.

"ಹಾಗಾದರೆ ಇಲ್ಲಿ ಬಂದು ಕೂತುಕೋ," ಎಂದ ಹೋರ್ಸ್ಟ್.

ಈಗ ಶಿರಸಿಯಲ್ಲಿ ಈ ಪ್ರವಾಸದ ಕಥೆ ಬೇರೆಯೇ ಆಗಿದೆ. ಒಂದು ಮಿಲಿಮೀಟರ್ ತಪ್ಪಿದ್ದರಿಂದಲೇ ಹೊಸ ಸಿಪಾಯಿ ಹಳಬರ ಪಕ್ಕದಲ್ಲಿ ಒಪ್ಪುವಂತಾಯಿತು, ತಪ್ಪೇ ನಮ್ಮನ್ನು ಕಾಪಾಡಿತು ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ನನಗೆ ಹಾಗನ್ನಿಸಲಿಲ್ಲ. ಒಂದು ಮಿಲಿಮೀಟರಿಗೆ ಅಷ್ಟು ಶಕ್ತಿ ಇರುವುದಿಲ್ಲ. ಸಂಘದ ಮೂವರು ಹೋರ್ಸ್ಟ್ ಒಪ್ಪಿದರೂ ಒಪ್ಪಲಿಲ್ಲ. ಒಬ್ಬ ಕೋಟು ಹಾಕಿಕೊಂಡು, ಉಲ್ರಿಕೆಯ ಕೈಕುಲುಕಿ, ಇಷ್ಟು ವರ್ಷದ ಆಟಕ್ಕೆ ವಂದನೆ ಎಂದು ಹೇಳಿ ಹೋದ. ಅವಳು ಅವನ ಬೆನ್ನನ್ನು ನೋಡುತ್ತ ನಿಂತಳು. ಅವನನ್ನು ನಮ್ಮ ಊರಿನ ಕಥೆಯಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ.

ಸೋಮವಾರ, ಉಲ್ರಿಕೆಯ ಅಡುಗೆಮನೆ

ಬೆಳಗಿನ ತಿಂಡಿಗೆ ಅವಳು ಅನ್ನ ಮಾಡಿದ್ದಳು. ನಮಗಾಗಿ, ಬೆಳಿಗ್ಗೆ ಏಳು ಗಂಟೆಗೆ ಎದ್ದು, ಪಾಯಸದಷ್ಟು ಮೆತ್ತಗೆ. ನಾವು ಅದನ್ನು ಉಪ್ಪಿನಕಾಯಿಯ ಜೊತೆ ಉಂಡೆವು. ಅಷ್ಟು ಕೆಟ್ಟ ಅನ್ನವನ್ನು ಅಷ್ಟು ಋಣಭಾವದಿಂದ ನಾನು ಎಂದೂ ಉಂಡಿಲ್ಲ.

ನಂತರ ಅವಳು ತನ್ನ ನಿರ್ಧಾರ ಹೇಳಿದಳು. ಹೊಸ ಅಳತೆ ನಡೆಯಲಿ. ದತ್ತಣ್ಣನ ಮೂವತ್ತೊಂದೇ ಇರಲಿ, ಪೆಟ್ಟಿಗೆಯ ಮೇಲೆ ಸುಳ್ಳು ಬರೆಯುವುದು ಬೇಡ. ಮೊದಲು ಒಂದೇ ಸೈನ್ಯ, ಒಂದು ವರ್ಷ ನೋಡೋಣ. ಹಳೆಯ ಅಚ್ಚುಗಳನ್ನೂ ಇಟ್ಟುಕೊಳ್ಳಿ, ಕೇಳಿದವರಿಗೆ ಹೊಯ್ದು ಕೊಡಿ. ಆದರೆ ಕಣ್ಣು ಅಚ್ಚಿನಲ್ಲೇ ಬರಬೇಕು. ಒಬ್ಬೊಬ್ಬ ಸಿಪಾಯಿಗೂ ದತ್ತಣ್ಣನನ್ನು ಜರ್ಮನಿಗೆ ಕರೆಸಲಾಗುವುದಿಲ್ಲ. ಮೂಲ ಗೊಂಬೆಗೇ ಕಣ್ಣಿರಬೇಕು, ಇಲ್ಲವಾದರೆ ಈ ಕೆಲಸ ಆಗುವುದಿಲ್ಲ.

ನಾನು ಅನುವಾದಿಸಿದೆ. ದತ್ತಣ್ಣ ತಟ್ಟೆಯ ಅಂಚನ್ನು ಒರೆಸುತ್ತ ಕೂತ. ಅವನು ಒಂದು ಸಲ ಆಗುವುದಿಲ್ಲ ಎಂದರೆ ಆಗುವುದಿಲ್ಲ. ದೇವಸ್ಥಾನದವರೇ ಹಿಂದೆ ಸರಿದದ್ದನ್ನು ಕಂಡಿದ್ದೇನೆ. ಶೆಡ್ಡು, ಮುನೀರ, ಆ ನಾಲ್ವರು, ಎಲ್ಲರೂ ಆ ತಟ್ಟೆಯ ಅಂಚಿನಲ್ಲಿದ್ದರು.

"ತಂಗಿ, ಇವರ ಸಿಪಾಯಿಗಳು ಕಡೀಗೆ ನಿಲ್ಲೂದು ಎಲ್ಲಿ?"

"ಮೇಜಿನ ಮೇಲೆ."

"ಇದು ಎಂತದು?" ನಮ್ಮ ಮುಂದಿನ ಊಟದ ಮೇಜನ್ನು ಬೆರಳಿನಿಂದ ಕುಟ್ಟಿದ. ನಾನು ಉತ್ತರಿಸುವ ಮೊದಲೇ ಅಂಗಿಯ ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಮರದ ಮೂಲ ಗೊಂಬೆ, ಅರವತ್ತು ಜನರ ಅಪ್ಪ. "ಇವಂದು ಇಲ್ಲೇ ತೆಗೀತೆ. ಇವ ಸ್ಥಳಕ್ಕೆ ಬಂದು ಕಣ್ಣು ಬಿಟ್ಟ ಅಂದ್ರೆ ಇವನ ಅಚ್ಚಲ್ಲಿ ಹುಟ್ಟಿದವ್ಕೆ ಅದೇ ಸಾಕು. ಹೊಳೆಯೂದು ಎಂತಾದ್ರೂ ಕೊಡು ಅಂತ ಹೇಳು. ಮೊದಲ ನೋಟ ತನ್ನ ಮೇಲೇ ಬೀಳ್ಬೇಕು."

ಉಲ್ರಿಕೆ ಅಡುಗೆಮನೆಯಲ್ಲಿ ಹುಡುಕಿ, ನೀರು ಕಾಯಿಸುವ ಸ್ಟೀಲಿನ ಕೆಟಲನ್ನು ಸೆರಗಿಲ್ಲದ್ದಕ್ಕೆ ತನ್ನ ಸ್ವೆಟರಿನ ತೋಳಿನಿಂದ ಉಜ್ಜಿ ಮುಂದಿಟ್ಟಳು. ಯಾರೂ ಹೇಳದೆಯೇ ಬದಿಗೆ ಸರಿದು ನಿಂತಳು. ನಾನೂ ಸರಿದೆ. ಉಳಿ ಮರದಲ್ಲಿ ಓಡಿದ ಸದ್ದು ಎಷ್ಟು ಸಣ್ಣದೆಂದರೆ ಹೊರಗೆ ಹೋಗುತ್ತಿದ್ದ ಸೈಕಲ್ಲೊಂದು ಅದನ್ನು ನುಂಗಿತು.

ಯಲ್ಲಾಪುರದಲ್ಲಿ ಆಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಫೋನು ಹಚ್ಚಿ ದತ್ತಣ್ಣನ ಕೈಗೆ ಕೊಟ್ಟೆ.

"ಮುನೀರಾ, ಹಳೇ ಅಚ್ಚೂ ನಡೀತು, ಹೊಸದೂ ಮಾಡ್ಬೇಕಾಗ್ತು. ಕಣ್ಣು ಬಂತು."

ಆ ಕಡೆ ಲಾರಿಗಳ ಸದ್ದು. ಮುನೀರ, ಫೋನನ್ನು ಬಾಯಿಂದ ದೂರ ಹಿಡಿಯುವುದನ್ನೂ ಮರೆತು, ಶೆಡ್ಡಿನೊಳಗಿನ ಅಕ್ಕಂದಿರಿಗೆ ಕೂಗಿದ:

"ಫಾತಿಮಕ್ಕಾ, ಒಲಿ ಹಚ್ರಿ! ತವರ ಇಡ್ರಿ!"

ಒಳಗಿನಿಂದ ಒಂದು ಹೆಣ್ಣು ದನಿ ಅವನಿಗಿಂತ ಜೋರಾಗಿ ಬಂತು, ಫುಲ್ಡಾದ ಅಡುಗೆಮನೆಯಲ್ಲಿ ಮೂವರಿಗೂ ಕೇಳುವಷ್ಟು:

"ಈಗ ಬುತ್ತಿ ಬಿಚ್ಚೇವಿ. ಉಂಡು ಹಚ್ತೇವಿ, ತಡೀರಿ!"